ಕ್ರೀಮು, ಸೋಪಿನ ಪರಿಮಳ ಚರ್ಮಕ್ಕೆ ಒಗ್ಗುತ್ತದೆಯೇ? ಲೇಬಲ್ ಓದುವುದರಿಂದ ಪ್ಯಾಚ್ ಟೆಸ್ಟ್‌ವರೆಗೆ ಸಮಗ್ರ ಮಾರ್ಗದರ್ಶಿ

"ಇದಕ್ಕೆ ಕೆಮಿಕಲ್ ಸೆಂಟು ಹಾಕಿದ್ದಾರಾ?" ಮಡಿಕೇರಿ, ಕುಶಾಲನಗರದ ಅಂಗಡಿಗಳಲ್ಲಿ ಕ್ರೀಮು, ಸೋಪು ಕೊಳ್ಳುವವರು ಮೊದಲು ಕೇಳುವ ಮಾತಿದು. ಉತ್ತರ ಹೌದೆಂದರೂ ಅಲ್ಲವೆಂದರೂ ನಿಮ್ಮ ಚರ್ಮಕ್ಕೆ ಅದರಿಂದ ಹೆಚ್ಚೇನೂ ಪ್ರಯೋಜನವಿಲ್ಲ. ಕಾರ್ಖಾನೆಯಲ್ಲಿ ತಯಾರಾದ ಲಿನಾಲೂಲ್ ಎಂಬ ಸುಗಂಧ ವಸ್ತುವಿಗೂ ಲ್ಯಾವೆಂಡರ್ ಹೂವಿನಿಂದ ಇಳಿಸಿದ ಲಿನಾಲೂಲ್‌ಗೂ ಚರ್ಮ ಭೇದ ಎಣಿಸುವುದಿಲ್ಲ. ಲವಂಗದ ಎಣ್ಣೆಯಲ್ಲಿರುವ ಯೂಜಿನಾಲ್ ಅಲರ್ಜಿ ತರಬಲ್ಲದು, ಪ್ರಯೋಗಾಲಯದ ಯೂಜಿನಾಲ್ ಕೂಡ ಅಷ್ಟೇ. ಕೇಳಬೇಕಾದದ್ದು ಮೂರು: ಯಾವ ವಸ್ತು, ಎಷ್ಟು ಪ್ರಮಾಣ, ಮೈಮೇಲೆ ಎಷ್ಟು ಹೊತ್ತು. ಈ ಮೂರನ್ನೂ ಮನೆಯಲ್ಲೇ ಪತ್ತೆ ಹಚ್ಚುವ ಕ್ರಮ ಇಲ್ಲಿದೆ. ಸೋಪು, ಲೋಷನ್ ತಾವೇ ತಯಾರಿಸಿ ಹೋಂಸ್ಟೇಗಳಿಗೆ, ಪ್ರವಾಸಿಗರಿಗೆ ಮಾರುವವರಿಗೆ ಬೇಕಾದ ಅಳತೆಯ ಲೆಕ್ಕ ಕೊನೆಯ ಭಾಗದಲ್ಲಿದೆ.

ಸುಗಂಧ ಹಾಕಿದ ಕ್ರೀಮು ಬಳಸುವ ಬಹುಪಾಲು ಜನರಿಗೆ ಯಾವ ತೊಂದರೆಯೂ ಆಗುವುದಿಲ್ಲ. ಆದರೆ ಸೌಂದರ್ಯವರ್ಧಕಗಳಿಂದ ಬರುವ ಸ್ಪರ್ಶ ಅಲರ್ಜಿಯ ಪ್ರಮುಖ ಕಾರಣಗಳಲ್ಲಿ ಸುಗಂಧ ವಸ್ತುಗಳೂ ಪ್ರಿಸರ್ವೇಟಿವ್‌ಗಳೂ (ಉತ್ಪನ್ನ ಕೆಡದಂತೆ ಕಾಯುವ ವಸ್ತುಗಳು) ಮುಂದಿನ ಸಾಲಿನಲ್ಲಿವೆ. ಒಮ್ಮೆ ಅಲರ್ಜಿ ಹತ್ತಿಕೊಂಡರೆ ಸಾಮಾನ್ಯವಾಗಿ ಅದು ಜೀವನಪೂರ್ತಿ ಉಳಿಯುತ್ತದೆ. ನಮ್ಮಂಥ ಕಂದು ಚರ್ಮದಲ್ಲಿ ಇನ್ನೊಂದು ಕಷ್ಟವಿದೆ. ಕೆಂಪು, ತುರಿಕೆ ಎದ್ದುಕಾಣದೆ ನೇರವಾಗಿ ಬೂದು ಮಿಶ್ರಿತ ಕಂದು ಕಲೆಯಾಗಿ ಕೆನ್ನೆ, ಹಣೆ, ಕುತ್ತಿಗೆಯ ಮೇಲೆ ಹರಡಬಹುದು. ಇದನ್ನು "ಬಂಗು" ಎಂದುಕೊಂಡು ಇನ್ನಷ್ಟು ಪರಿಮಳದ ಕ್ರೀಮು ಹಚ್ಚುವವರಿದ್ದಾರೆ. ಕಲೆ ಗಾಢವಾಗುತ್ತಲೇ ಹೋಗುತ್ತದೆ.

ಹೆಜ್ಜೆ 1: ಮನೆಯ ಎಲ್ಲಾ ಸೀಸೆಗಳನ್ನೂ ಒಂದೆಡೆ ಇಡಿ

ಕ್ರೀಮು, ಪೌಡರು ಮಾತ್ರ ಸಾಲದು. ತಲೆಗೆ ಹಚ್ಚುವ ಎಣ್ಣೆ, ಶೇವಿಂಗ್ ಕ್ರೀಮು, ನೋವಿನ ಬಾಮು, ಹ್ಯಾಂಡ್‌ವಾಶ್, ವೆಟ್ ವೈಪ್ಸ್, ಸೊಳ್ಳೆಗೆ ಹಚ್ಚುವ ಮುಲಾಮು, ಕುಂಕುಮ, ಅತ್ತರು, ಬಟ್ಟೆ ನೆನೆಸುವ ಕಂಫರ್ಟ್ ಮಾದರಿಯ ದ್ರವ, ಎಲ್ಲವನ್ನೂ ತನ್ನಿ. ತಲೆಗೆ ಹಚ್ಚಿದ ಎಣ್ಣೆ ದಿಂಬಿಗೆ ಇಳಿದು ಅಲ್ಲಿಂದ ಕೆನ್ನೆಗೆ ತಾಗುತ್ತದೆ. ಹೀಗೆ ಮುಖದ ದದ್ದಿಗೆ ಕಾರಣ ಮುಖದ ಕ್ರೀಮೇ ಆಗಿರಬೇಕೆಂದಿಲ್ಲ.

ಈಗ ಮೂರು ಗುಂಪು ಮಾಡಿ. ಒಂದು, ಹಚ್ಚಿದ ಮೇಲೆ ಮೈಮೇಲೇ ಉಳಿಯುವವು: ಲೋಷನ್, ಕ್ರೀಮು, ತಲೆಯೆಣ್ಣೆ, ಅತ್ತರು, ಬಾಮು. ಎರಡು, ನಿಮಿಷಗಳಲ್ಲಿ ತೊಳೆದುಹೋಗುವವು: ಸೋಪು, ಶಾಂಪೂ, ಫೇಸ್‌ವಾಶ್. ಮೂರು, ಬಟ್ಟೆ ಅಥವಾ ಗಾಳಿಯ ಮೂಲಕ ತಲುಪುವವು: ಡಿಟರ್ಜೆಂಟು, ಅಗರಬತ್ತಿ, ರೂಮ್ ಫ್ರೆಶ್ನರ್.

ಈ ವಿಂಗಡಣೆ ಯಾಕೆ ಇಷ್ಟು ಮುಖ್ಯ ಎಂಬುದಕ್ಕೆ ಒಂದು ಲೆಕ್ಕ ನೋಡಿ. ಯುರೋಪಿನ ಸುರಕ್ಷತಾ ಪರಿಶೀಲನೆಗಳಲ್ಲಿ ಒಬ್ಬ ವಯಸ್ಕರು ದಿನಕ್ಕೆ 7.82 ಗ್ರಾಂ ಬಾಡಿ ಲೋಷನ್ ಮತ್ತು 18.67 ಗ್ರಾಂ ಶವರ್ ಜೆಲ್ ಬಳಸುತ್ತಾರೆಂದು ಹಿಡಿಯುತ್ತಾರೆ. ಲೋಷನ್ ಪೂರ್ತಿ ಮೈಮೇಲೆ ಉಳಿಯುತ್ತದೆ. ತೊಳೆದುಹೋಗುವ ಜೆಲ್‌ನಲ್ಲಿ ನೂರರಲ್ಲಿ ಒಂದು ಪಾಲು ಮಾತ್ರ ಉಳಿಯುತ್ತದೆಂದು ಲೆಕ್ಕ. ಲೋಷನ್‌ನಲ್ಲಿ ಶೇ. 0.5 ಸುಗಂಧ ಇದ್ದರೆ ಮೈಮೇಲೆ ಉಳಿಯುವುದು 39 ಮಿಲಿಗ್ರಾಂ. ಜೆಲ್‌ನಲ್ಲಿ ಅದರ ಎರಡರಷ್ಟು, ಅಂದರೆ ಶೇ. 1 ಇದ್ದರೂ ಉಳಿಯುವುದು 2 ಮಿಲಿಗ್ರಾಂಗಿಂತ ಕಡಿಮೆ. ಇಪ್ಪತ್ತು ಪಟ್ಟು ಅಂತರ! ಆದ್ದರಿಂದ ಸುಗಂಧ ಕಡಿಮೆ ಮಾಡಬೇಕೆಂದಿದ್ದರೆ ಒಂದನೇ ಗುಂಪಿನಿಂದ ಶುರುಮಾಡಿ. ಪರಿಮಳದ ಸೋಪನ್ನು ಬಿಟ್ಟು ಪರಿಮಳದ ಲೋಷನ್ ಉಳಿಸಿಕೊಳ್ಳುವುದರಲ್ಲಿ ಅರ್ಥವಿಲ್ಲ.

ಕೊಡಗಿನ ಮಳೆಗಾಲದ ಮಾತು ಇಲ್ಲೇ ಹೇಳಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತೋಟದಲ್ಲಿ ಗಮ್‌ಬೂಟು, ಪ್ಲಾಸ್ಟಿಕ್ ರೇನ್‌ಕೋಟಿನೊಳಗೆ ದಿನವಿಡೀ ನೆನೆದ ಚರ್ಮ ಮೆತ್ತಗಾಗಿ ಹೊರಗಿನ ವಸ್ತುಗಳನ್ನು ಹೆಚ್ಚು ಒಳಗೆ ಬಿಟ್ಟುಕೊಳ್ಳುತ್ತದೆ. ಗಾಳಿಯಾಡದಂತೆ ಮುಚ್ಚಿದ ಜಾಗದಲ್ಲಿ ಇದು ಇನ್ನೂ ಹೆಚ್ಚು. ಗಮ್‌ಬೂಟು ಹಾಕುವ ಮೊದಲು ಪಾದಕ್ಕೆ ಪರಿಮಳದ ಕ್ರೀಮು ಅಥವಾ ಪೌಡರು ಬೇಡ. ಕಾಫಿ ಕುಯ್ಲಿನ ದಿನಗಳಲ್ಲಿ ಅಂಟು ಹೋಗಲೆಂದು ಮತ್ತೆ ಮತ್ತೆ ಸೋಪು ಹಾಕಿ ತೊಳೆದು ಬಿರುಕುಬಿಟ್ಟ ಕೈಗೂ ಅಷ್ಟೆ. ವಾಸನೆಯಿಲ್ಲದ ಬಿಳಿ ಪೆಟ್ರೋಲಿಯಂ ಜೆಲ್ಲಿ ಹಚ್ಚಿ ಮಲಗುವುದೇ ಒಳ್ಳೆಯದು.

ಹೆಜ್ಜೆ 2: ಲೇಬಲ್ ಓದುವ ಕ್ರಮ

ಸೀಸೆಯ ಮುಂಭಾಗ ಬಿಡಿ, ಹಿಂಭಾಗ ತಿರುಗಿಸಿ. "ಹೈಪೋಅಲರ್ಜೆನಿಕ್", "ಡರ್ಮಟಾಲಜಿಸ್ಟ್ ಟೆಸ್ಟೆಡ್", "ನ್ಯಾಚುರಲ್" ಎಂಬ ಮುಂಭಾಗದ ಮಾತುಗಳಿಂದ ಒಳಗೆ ಸುಗಂಧ ಇದೆಯೋ ಇಲ್ಲವೋ ತಿಳಿಯುವುದಿಲ್ಲ. "ಅನ್‌ಸೆಂಟೆಡ್" ಎಂಬುದನ್ನು ಇನ್ನೂ ಎಚ್ಚರದಿಂದ ನೋಡಿ. ಕಚ್ಚಾವಸ್ತುಗಳ ವಾಸನೆ ಮುಚ್ಚಲು ಇನ್ನೊಂದು ಸುಗಂಧ ಸೇರಿಸಿ, ಮೂಗಿಗೆ ಏನೂ ಬಡಿಯದಂತೆ ಮಾಡಿದ ಉತ್ಪನ್ನಕ್ಕೂ ಆ ಹೆಸರು ಇರಬಹುದು. ನಿಮಗೆ ಬೇಕಾದದ್ದು "ಫ್ರೇಗ್ರೆನ್ಸ್ ಫ್ರೀ". ಅದನ್ನೂ ಹಿಂದಿನ ಪಟ್ಟಿಯಲ್ಲಿ ಖಚಿತಪಡಿಸಿಕೊಳ್ಳಿ.

ಹಿಂಭಾಗದ ಸಣ್ಣ ಅಕ್ಷರದ ಪಟ್ಟಿಗೆ ಮೊಬೈಲ್ ಕ್ಯಾಮೆರಾ ಹಿಡಿದು ಫೋಟೊ ತೆಗೆದು ದೊಡ್ಡದು ಮಾಡಿ ಓದಿ. ಹೆಸರುಗಳು ಇಂಗ್ಲಿಷಿನಲ್ಲೇ ಇರುತ್ತವೆ, ಕೆಳಗೆ ಕೊಟ್ಟಿರುವ ಉಚ್ಚಾರಕ್ಕೆ ಹೊಂದಿಸಿಕೊಳ್ಳಿ. ಪಟ್ಟಿಯ ನಿಯಮ ಹೀಗಿದೆ: ಶೇ. 1ಕ್ಕಿಂತ ಹೆಚ್ಚಿರುವ ವಸ್ತುಗಳು ಹೆಚ್ಚಿನಿಂದ ಕಡಿಮೆಯ ಕ್ರಮದಲ್ಲಿ ಮೊದಲು ಬರುತ್ತವೆ. ಶೇ. 1 ಅಥವಾ ಅದಕ್ಕಿಂತ ಕಡಿಮೆ ಇರುವವು ಅವುಗಳ ನಂತರ, ಯಾವ ಕ್ರಮದಲ್ಲಾದರೂ.

ಇದರಿಂದ ಒಂದು ಉಪಾಯ ಸಿಗುತ್ತದೆ. ಫಿನಾಕ್ಸಿಎಥನಾಲ್ ಎಂಬ ಪ್ರಿಸರ್ವೇಟಿವ್‌ಗೆ ಗರಿಷ್ಠ ಮಿತಿ ಶೇ. 1. ಪಟ್ಟಿಯಲ್ಲಿ ಅದರ ನಂತರ ಬರುವ ಯಾವುದೇ ವಸ್ತು ಶೇ. 1ನ್ನು ದಾಟುವಂತಿಲ್ಲ. ಉದಾಹರಣೆಗೆ ಒಂದು ಲೋಷನ್ನಿನ ಪಟ್ಟಿ ಹೀಗಿದೆ ಎಂದುಕೊಳ್ಳಿ: ನೀರು, ಗ್ಲಿಸರಿನ್, ಮಿನರಲ್ ಆಯಿಲ್, ಸ್ಟಿಯರಿಕ್ ಆಸಿಡ್, ಸೀಟೈಲ್ ಆಲ್ಕೊಹಾಲ್, ಪರ್ಫ್ಯೂಮ್, ಫಿನಾಕ್ಸಿಎಥನಾಲ್, ಕಾರ್ಬೊಮರ್, ಲಿನಾಲೂಲ್, ಲಿಮೊನೀನ್, ಬೆಂಜೈಲ್ ಸ್ಯಾಲಿಸಿಲೇಟ್. ಇಲ್ಲಿ ಸೀಟೈಲ್ ಆಲ್ಕೊಹಾಲ್ ಸುಗಂಧವೂ ಅಲ್ಲ, ಚರ್ಮ ಒಣಗಿಸುವ ಸ್ಪಿರಿಟ್ಟೂ ಅಲ್ಲ, ಮೇಣದಂಥ ಕೊಬ್ಬು, ಹೆದರಬೇಕಿಲ್ಲ. ಪರ್ಫ್ಯೂಮ್ ಫಿನಾಕ್ಸಿಎಥನಾಲ್‌ಗಿಂತ ಮೊದಲು ಬಂದಿದೆ, ಆದ್ದರಿಂದ ಶೇ. 1ರ ಒಳಗೆ ಎಂದು ಖಾತ್ರಿ ಹೇಳಲಾಗದು. ಕೊನೆಯ ಮೂರು ಹೆಸರುಗಳು ಬೇರೆ ವಸ್ತುಗಳೇನಲ್ಲ, ಅದೇ ಪರ್ಫ್ಯೂಮ್‌ನೊಳಗಿನ ಅಲರ್ಜಿಕಾರಕಗಳನ್ನು ಪ್ರತ್ಯೇಕವಾಗಿ ಬರೆದಿದ್ದಾರೆ.

ಹೀಗೆ ಹೆಸರು ಬಿಡಿಸಿ ಬರೆದ ಲೇಬಲ್ ಕಂಡರೆ ಗಾಬರಿಯಾಗಿ ಸೀಸೆ ಕೆಳಗಿಡಬೇಡಿ. ನಮ್ಮ ಅಭಿಪ್ರಾಯದಲ್ಲಿ ಅದೇ ಒಳ್ಳೆಯ ಲೇಬಲ್. "ಪರ್ಫ್ಯೂಮ್", "ಪರ್ಫಮ್", "ಫ್ರೇಗ್ರೆನ್ಸ್", "ಅರೋಮಾ" ಎಂಬ ಒಂದೇ ಪದದ ಹಿಂದೆ ಹತ್ತಾರು ವಸ್ತುಗಳು ಇರಬಹುದು. ತೊಂದರೆಯಾದಾಗ ಯಾವುದರಿಂದ ಆಯಿತೆಂದು ಹುಡುಕುವ ದಾರಿಯೇ ಇರುವುದಿಲ್ಲ. ಐರೋಪ್ಯ ಒಕ್ಕೂಟದಲ್ಲಿ 26 ಸುಗಂಧ ಅಲರ್ಜಿಕಾರಕಗಳು ಮೈಮೇಲೆ ಉಳಿಯುವ ಉತ್ಪನ್ನದಲ್ಲಿ ಶೇ. 0.001ಕ್ಕಿಂತ, ತೊಳೆದುಹೋಗುವುದರಲ್ಲಿ ಶೇ. 0.01ಕ್ಕಿಂತ ಹೆಚ್ಚಿದ್ದರೆ ಹೆಸರು ಬರೆಯಲೇಬೇಕು ಎಂಬ ನಿಯಮ ಬಹಳ ಕಾಲದಿಂದ ಇದೆ. 2023ರಲ್ಲಿ ಆ ಪಟ್ಟಿಯನ್ನು 80ಕ್ಕೂ ಹೆಚ್ಚು ವಸ್ತುಗಳಿಗೆ ವಿಸ್ತರಿಸಿದರು. ಹೊಸ ಉತ್ಪನ್ನಗಳಿಗೆ 2026ರ ಜುಲೈ 31, ಈಗಾಗಲೇ ಮಾರುಕಟ್ಟೆಯಲ್ಲಿರುವವಕ್ಕೆ 2028ರ ಜುಲೈ 31 ಗಡುವು. ನಮ್ಮಲ್ಲಿ ಹಲವು ಸೀಸೆಗಳ ಮೇಲೆ ಇನ್ನೂ ಒಂದೇ ಪದ ಇರುತ್ತದೆ. ಕಂಪನಿಯ ಗ್ರಾಹಕ ವಿಳಾಸಕ್ಕೆ ಬರೆದು "ಇದರಲ್ಲಿ ಯಾವ ಸುಗಂಧ ಅಲರ್ಜಿಕಾರಕಗಳಿವೆ?" ಎಂದು ಕೇಳುವ ಹಕ್ಕು ನಿಮಗಿದೆ, ಕೇಳಿ.

ಪ್ರಸಾಧನ ವಸ್ತುಗಳಿಗೆ ಭಾರತದಲ್ಲಿ ಅನ್ವಯವಾಗುವುದು 2020ರ ಕಾಸ್ಮೆಟಿಕ್ಸ್ ನಿಯಮಗಳು. ತಯಾರಕರ ಹೆಸರು, ವಿಳಾಸ, ಲೈಸೆನ್ಸ್ ಸಂಖ್ಯೆ, ಬ್ಯಾಚ್ ಸಂಖ್ಯೆ, ಯಾವಾಗಿನೊಳಗೆ ಬಳಸಬೇಕು ಎಂಬುದು ಇಲ್ಲದ ಡಬ್ಬಿಯನ್ನು, ಎಷ್ಟೇ ಚೆಂದದ ಪರಿಮಳವಿರಲಿ, ಮುಖಕ್ಕೆ ಹಚ್ಚಬೇಡಿ.

ಹೆಜ್ಜೆ 3: ಗುರುತಿಟ್ಟುಕೊಳ್ಳಬೇಕಾದ ಹೆಸರುಗಳು

ಎಲ್ಲವನ್ನೂ ಬಾಯಿಪಾಠ ಮಾಡಬೇಕಿಲ್ಲ. ಅಲರ್ಜಿ ತರುವ ಶಕ್ತಿ ಹೆಚ್ಚಿರುವವು: ಐಸೊಯೂಜಿನಾಲ್, ಸಿನ್ನಮಾಲ್, ಸಿನ್ನಮೈಲ್ ಆಲ್ಕೊಹಾಲ್, ಹೈಡ್ರಾಕ್ಸಿಸಿಟ್ರೊನೆಲ್ಲಾಲ್, ಸಿಟ್ರಲ್, ಫಾರ್ನೆಸೋಲ್, ಓಕ್‌ಮಾಸ್ ಸಾರ. ಐಸೊಯೂಜಿನಾಲ್‌ಗೆ ಯುರೋಪಿನಲ್ಲಿ ಶೇ. 0.02ರ ಮಿತಿಯಿದೆ, ಅಷ್ಟು ಕಡಿಮೆ. ಬೆಂಜೈಲ್ ಸ್ಯಾಲಿಸಿಲೇಟ್, ಹೆಕ್ಸೈಲ್ ಸಿನ್ನಮಾಲ್, ಆಲ್ಫಾ ಐಸೊಮಿಥೈಲ್ ಅಯೊನೋನ್ ಇವು ಲೇಬಲ್‌ಗಳಲ್ಲಿ ಪದೇ ಪದೇ ಕಾಣಿಸುತ್ತವೆ, ಅಲರ್ಜಿಯ ಸಾಧ್ಯತೆ ಹೋಲಿಕೆಯಲ್ಲಿ ಕಡಿಮೆ. ಬೆಂಜೈಲ್ ಆಲ್ಕೊಹಾಲ್ ಸುಗಂಧವಾಗಿಯೂ ಪ್ರಿಸರ್ವೇಟಿವ್ ಆಗಿಯೂ ಬಳಕೆಯಾಗುತ್ತದೆ. ಫ್ರೇಗ್ರೆನ್ಸ್ ಫ್ರೀ ಎಂದ ಕ್ರೀಮಿನಲ್ಲಿ ಅದರ ಹೆಸರು ಕಂಡರೆ ಅದೇ ಕಾರಣ.

ಕೃತಕ ಸುಗಂಧಗಳಲ್ಲಿ ನಿಜಕ್ಕೂ ದೂರವಿಡಬೇಕಾದವು ಕೆಲವಿವೆ. ಲಿಲಿಯಲ್, ಲೇಬಲ್ ಮೇಲೆ ಬ್ಯೂಟೈಲ್‌ಫಿನೈಲ್ ಮಿಥೈಲ್‌ಪ್ರೊಪಿಯೊನಾಲ್, ಸಂತಾನಶಕ್ತಿಗೆ ಹಾನಿಕರ ಎಂಬ ವರ್ಗಕ್ಕೆ ಸೇರಿದ್ದರಿಂದ ಐರೋಪ್ಯ ಒಕ್ಕೂಟ 2022ರ ಮಾರ್ಚ್ 1ರಿಂದ ಅದನ್ನು ನಿಷೇಧಿಸಿತು. ಲೈರಲ್ ಎಂಬುದು ಎಷ್ಟು ಜನರಿಗೆ ಅಲರ್ಜಿ ತಂದಿತೆಂದರೆ 2021ರ ಆಗಸ್ಟ್ ಹೊತ್ತಿಗೆ ಅಲ್ಲಿನ ಅಂಗಡಿಗಳಿಂದಲೇ ತೆಗೆದುಹಾಕಿಸಿದರು. ಅದಕ್ಕೂ ಹಿಂದೆ ಮಸ್ಕ್ ಆಂಬ್ರೆಟ್ ಎಂಬ ಕೃತಕ ಕಸ್ತೂರಿ ಇತ್ತು. ಆಫ್ಟರ್‌ಶೇವ್ ಹಚ್ಚಿ ಬಿಸಿಲಿಗೆ ಹೋದ ಗಂಡಸರ ಮುಖದಲ್ಲಿ ದದ್ದು ಏಳಲು ಅದು ಕಾರಣವೆಂದು ಗೊತ್ತಾಗಿ ಬಳಕೆಯಿಂದ ಹೊರಬಿತ್ತು. ಸುಗಂಧ ಬೇಗ ಹಾರಿಹೋಗದಂತೆ ಹಿಡಿದಿಡಲು, ಕರಗಿಸಲು ಬಳಸುವ ಥ್ಯಾಲೇಟ್‌ಗಳಲ್ಲೂ ಎರಡು ಬಗೆ. ಡೈಬ್ಯೂಟೈಲ್ ಥ್ಯಾಲೇಟ್ ಯುರೋಪಿನ ಸೌಂದರ್ಯವರ್ಧಕಗಳಲ್ಲಿ ನಿಷಿದ್ಧ. ಡೈಎಥೈಲ್ ಥ್ಯಾಲೇಟ್ ಬಳಕೆಗೆ ಅನುಮತಿಯಿದೆ. "ಥ್ಯಾಲೇಟ್ ಇದೆ" ಎಂದಷ್ಟೇ ಹೇಳುವವರನ್ನು ಯಾವ ಥ್ಯಾಲೇಟ್ ಎಂದು ಕೇಳಿ.

ಇನ್ನು ಸಹಜ ಎಣ್ಣೆಗಳು. ಮಜ್ಜಿಗೆ ಹುಲ್ಲಿನ ಎಣ್ಣೆಯಲ್ಲಿ ಸುಮಾರು ಶೇ. 70ರಿಂದ 80 ಸಿಟ್ರಲ್ಲೇ. ಕಿತ್ತಳೆ ಸಿಪ್ಪೆಯ ಎಣ್ಣೆಯಲ್ಲಿ ಶೇ. 90ಕ್ಕೂ ಹೆಚ್ಚು ಲಿಮೊನೀನ್. ಲವಂಗದ ಎಣ್ಣೆಯ ಬಹುಪಾಲು ಯೂಜಿನಾಲ್, ಚಕ್ಕೆಯ ಎಣ್ಣೆಯದು ಸಿನ್ನಮಾಲ್. 100 ಗ್ರಾಂ ಲೋಷನ್ನಿಗೆ ಅರ್ಧ ಗ್ರಾಂ ಮಜ್ಜಿಗೆ ಹುಲ್ಲಿನ ಎಣ್ಣೆ ಹಾಕಿದರೆ ಕನಿಷ್ಠ ಶೇ. 0.35 ಸಿಟ್ರಲ್ ಸೇರಿತು. ಹೆಸರು ಬರೆಯಲೇಬೇಕಾದ ಯುರೋಪಿನ ಮಿತಿಗೆ ಅದು 350 ಪಟ್ಟು. ನಿಂಬೆರಸ ಮುಖಕ್ಕೆ ಉಜ್ಜಿ ಬಿಸಿಲಿಗೆ ಹೋಗುವ ಮನೆಮದ್ದನ್ನು ಪೂರ್ತಿ ಬಿಟ್ಟುಬಿಡಿ. ಅದರ ಸಿಪ್ಪೆಯ ಫ್ಯುರೊಕೂಮರಿನ್‌ಗಳು ಬಿಸಿಲಿನೊಂದಿಗೆ ಸೇರಿ ಸುಟ್ಟಂಥ ಗಾಯ, ಆಮೇಲೆ ತಿಂಗಳುಗಟ್ಟಲೆ ಮಾಸದ ಕಪ್ಪು ಕಲೆ ಉಳಿಸುತ್ತವೆ.

ಹೆಜ್ಜೆ 4: ಮೊಣಕೈ ಮಡಿಕೆಯ ಪರೀಕ್ಷೆ

ಹೊಸ ಕ್ರೀಮನ್ನು ಕೈಗೆ ಹಚ್ಚಿ ಮರುದಿನ ಏನೂ ಆಗಲಿಲ್ಲವೆಂದು ಮುಖಕ್ಕೆ ಬಳಿದುಕೊಳ್ಳುವುದು ಎಲ್ಲರೂ ಮಾಡುವ ತಪ್ಪು. ಸುಗಂಧದ ಅಲರ್ಜಿ ತಡವಾಗಿ ಬರುವ ಬಗೆಯದು. ಈಗಾಗಲೇ ಅಲರ್ಜಿ ಇದ್ದವರಲ್ಲೂ ದದ್ದು ಏಳಲು ಒಂದರಿಂದ ಮೂರು ದಿನ ಬೇಕು. ಹೊಸದಾಗಿ ಹತ್ತಿಕೊಳ್ಳಲು ವಾರಗಳೇ ಬೇಕಾಗಬಹುದು. ಒಂದೇ ಸಲ ಹಚ್ಚಿದ ಸಣ್ಣ ಪ್ರಮಾಣ ಅದನ್ನು ಎಬ್ಬಿಸದೆಯೂ ಇರಬಹುದು. ಅದಕ್ಕಾಗಿ ಪದೇ ಪದೇ ಹಚ್ಚಿ ನೋಡುವ ಪರೀಕ್ಷೆ ಬೇಕು.

ಎಡಗೈಯ ಒಳಭಾಗದಲ್ಲಿ, ಮೊಣಕೈ ಮಡಿಕೆಯಿಂದ ಎರಡು ಬೆರಳು ಕೆಳಗೆ 5 ಸೆಂ.ಮೀ. ಅಗಲ, 5 ಸೆಂ.ಮೀ. ಉದ್ದದ ಚೌಕಕ್ಕೆ ನಾಲ್ಕು ಮೂಲೆಯಲ್ಲಿ ಬಾಲ್‌ಪೆನ್ನಿನಿಂದ ಚುಕ್ಕೆ ಇಡಿ. ಗಾಯ, ಗಜಕರ್ಣ, ಹಳೆಯ ದದ್ದು ಇರುವ ಜಾಗ ಬೇಡ. ಸುಮಾರು 0.1 ಮಿ.ಲೀ., ಅಂದರೆ ಎರಡು ಮೂರು ಹೆಸರುಕಾಳಿನಷ್ಟು ಕ್ರೀಮನ್ನು ಆ ಚೌಕದೊಳಗೆ ತೆಳುವಾಗಿ ಹಚ್ಚಿ. ಬೆಳಿಗ್ಗೆ ಸ್ನಾನದ ನಂತರ ಒಮ್ಮೆ, ರಾತ್ರಿ ಮಲಗುವ ಮುನ್ನ ಒಮ್ಮೆ. ಬಲಗೈಯ ಅದೇ ಜಾಗಕ್ಕೆ ವಾಸನೆಯಿಲ್ಲದ ಪೆಟ್ರೋಲಿಯಂ ಜೆಲ್ಲಿ ಹಚ್ಚುತ್ತಾ ಬನ್ನಿ. ಎರಡೂ ಕೈ ಒಂದೇ ರೀತಿ ಕೆರಳಿದರೆ ಕಾರಣ ಕ್ರೀಮಲ್ಲ. ಬೆವರು, ಸ್ವೆಟರಿನ ಉಣ್ಣೆ, ಡಿಟರ್ಜೆಂಟು ಏನೋ ಬೇರೆಯದು.

ಕನಿಷ್ಠ 7 ದಿನ, ಸಾಧ್ಯವಾದರೆ 14 ದಿನ ಮುಂದುವರಿಸಿ. ಎರಡು ದಿನಕ್ಕೊಮ್ಮೆ ಒಂದೇ ಕಿಟಕಿಯ ಬೆಳಕಿನಲ್ಲಿ ಫೋಟೊ ತೆಗೆಯಿರಿ. ಮಳೆಗಾಲದ ಮಬ್ಬಿನಲ್ಲಿ ಟ್ಯೂಬ್‌ಲೈಟಿನ ಕೆಳಗೆ ತೆಗೆದರೆ ಕಂದು ಚರ್ಮದ ಮೇಲಿನ ಕೆಂಪು ಕಾಣುವುದೇ ಇಲ್ಲ. ಕಣ್ಣಿಗಿಂತ ಬೆರಳನ್ನು ನಂಬಿ: ರೋಮದ ಬುಡದಲ್ಲಿ ಸಣ್ಣ ಸಣ್ಣ ಬೊಕ್ಕೆಗಳು ಎದ್ದು ಒರಟೆನಿಸುವುದು ಅಲರ್ಜಿಯ ಮೊದಲ ಸೂಚನೆ. ತುರಿಕೆಯೊಂದಿಗೆ ಅದು ಕಾಣಿಸಿದ ದಿನವೇ ನಿಲ್ಲಿಸಿ, ತೊಳೆಯಿರಿ, ದಿನ ಬರೆದಿಡಿ. ಹಚ್ಚಿದ ಕೆಲವೇ ನಿಮಿಷದಲ್ಲಿ ಉರಿದು ಅರ್ಧ ಗಂಟೆಯಲ್ಲಿ ಶಮನವಾದರೆ ಅದು ಹೆಚ್ಚಾಗಿ ಕೆರಳಿಕೆ, ಅಲರ್ಜಿಯಲ್ಲ. ಆದರೂ ಆ ಕ್ರೀಮು ನಿಮ್ಮ ಮುಖಕ್ಕೆ ಬೇಡ.

ಪರೀಕ್ಷೆ ಕೆಡುವುದು ಹೀಗೆ: ಸೋಪು, ಶಾಂಪೂವನ್ನು ಹಚ್ಚಿ ಹಾಗೇ ಬಿಡುವುದು (ಸುಗಂಧ ಇಲ್ಲದ ಸೋಪೂ ಹಾಗೆ ಬಿಟ್ಟರೆ ಚರ್ಮ ಕೆರಳಿಸುತ್ತದೆ), ಹಚ್ಚಿದ ಮೇಲೆ ಪ್ಲಾಸ್ಟರಿನಿಂದ ಮುಚ್ಚುವುದು, ಒಂದೇ ಚೌಕದಲ್ಲಿ ಎರಡು ಉತ್ಪನ್ನ, ಅದೇ ಕೈಗೆ ಸ್ಟಿರಾಯ್ಡ್ ಮುಲಾಮು. ಎಸೆನ್ಷಿಯಲ್ ಎಣ್ಣೆಯನ್ನು, ಅಂದರೆ ಗಿಡಗಳಿಂದ ಇಳಿಸಿದ ಪರಿಮಳದ ಎಣ್ಣೆಯನ್ನು, ಬೆರೆಸದೆ ಹಸಿಯಾಗಿ ಹಚ್ಚಿ ನೋಡಲೇಬೇಡಿ. ಪರೀಕ್ಷೆಯೇ ಹೊಸ ಅಲರ್ಜಿ ಹುಟ್ಟಿಸಿಬಿಡಬಹುದು. ಹಿಂದೆ ಮುಖ ಊದಿಕೊಂಡಿದ್ದವರು, ಉಸಿರಾಟಕ್ಕೆ ತೊಂದರೆಯಾಗಿದ್ದವರು ಮನೆಯಲ್ಲಿ ಪರೀಕ್ಷಿಸದೆ ವೈದ್ಯರ ಬಳಿ ಹೋಗಬೇಕು.

ಕೈಯಲ್ಲಿ ಪಾಸಾದರೆ ಕಿವಿಯ ಹಿಂದೆ, ಆಮೇಲೆ ದವಡೆಯ ಅಂಚಿನಲ್ಲಿ ನಾಲ್ಕೈದು ದಿನ ಹಚ್ಚಿ ನೋಡಿ. ಕಣ್ಣಿನ ರೆಪ್ಪೆಯ ಚರ್ಮ ಬಹಳ ತೆಳು, ಅಲ್ಲಿಗೆ ಪರಿಮಳದ ಯಾವುದೂ ಬೇಕಿಲ್ಲ.

ಹೆಜ್ಜೆ 5: ಇಡುವ ಜಾಗ

ಲಿನಾಲೂಲ್, ಲಿಮೊನೀನ್ ತಾಜಾ ಇದ್ದಾಗ ಅಷ್ಟೇನೂ ಅಲರ್ಜಿ ತರುವವಲ್ಲ. ಗಾಳಿಯ ಆಮ್ಲಜನಕದೊಂದಿಗೆ ಸೇರಿ ಹೈಡ್ರೊಪೆರಾಕ್ಸೈಡ್‌ಗಳಾದಾಗ ಅವೇ ಬಲವಾದ ಅಲರ್ಜಿಕಾರಕಗಳಾಗುತ್ತವೆ. ಹೋದ ವರ್ಷ ಒಗ್ಗಿದ ಸೀಸೆ ಈ ವರ್ಷ ಒಗ್ಗದಿರಲು ಇದೂ ಒಂದು ಕಾರಣ. ಕೊಡಗಿನ ಮನೆಗಳಲ್ಲಿ ಸೌದೆ ಒಲೆಯ ಹಂಡೆ ಇರುವ ಬಚ್ಚಲಿನ ಗೂಡಿನಲ್ಲೇ ಎಣ್ಣೆ, ಲೋಷನ್ ಇಡುವ ರೂಢಿಯಿದೆ. ಶಾಖ, ಹಬೆ ಎರಡೂ ಅಲ್ಲಿ ಸೇರುತ್ತವೆ. ಮಲಗುವ ಕೋಣೆಯ ಕಪಾಟು ಅದಕ್ಕಿಂತ ಮೇಲು. ಮುಚ್ಚಳ ತೆರೆದ ದಿನಾಂಕವನ್ನು ಮಾರ್ಕರಿನಿಂದ ತಳದಲ್ಲಿ ಬರೆಯಿರಿ. ಲೇಬಲ್ ಮೇಲೆ ಮುಚ್ಚಳ ತೆರೆದ ಡಬ್ಬಿಯ ಚಿತ್ರದೊಳಗೆ 6 ಅಥವಾ 12 ಇದ್ದರೆ, ತೆರೆದ ಮೇಲೆ ಅಷ್ಟೇ ತಿಂಗಳು. ಕಿತ್ತಳೆ, ನಿಂಬೆ ಜಾತಿಯ ಎಣ್ಣೆಗಳನ್ನು ಕಂದು ಗಾಜಿನ ಸಣ್ಣ ಸೀಸೆಯಲ್ಲಿ ಕತ್ತಿನವರೆಗೆ ತುಂಬಿ ಫ್ರಿಜ್ಜಿನಲ್ಲಿಡಿ. ದೊಡ್ಡ ಸೀಸೆಯಲ್ಲಿ ಅರ್ಧ ಉಳಿದ ಹಳೆಯ ಎಣ್ಣೆಯನ್ನು ನೆಲ ಒರೆಸುವ ನೀರಿಗೂ ಹಾಕಬೇಡಿ, ಕೈಗೆ ತಾಗುತ್ತದೆ.

ಹೆಜ್ಜೆ 6: ದದ್ದು ಎದ್ದಾಗ

ಒಂದನ್ನು ಬಿಟ್ಟು ಇನ್ನೊಂದನ್ನು ಹಚ್ಚುತ್ತಾ ಹುಡುಕಬೇಡಿ. ಪರಿಮಳವಿರುವ ಎಲ್ಲವನ್ನೂ ಒಂದೇ ದಿನ ನಿಲ್ಲಿಸಿ, ಕನಿಷ್ಠ ನಾಲ್ಕು ವಾರ. ಮುಖಕ್ಕೆ ಉಗುರುಬೆಚ್ಚನೆಯ ನೀರು, ಪೆಟ್ರೋಲಿಯಂ ಜೆಲ್ಲಿ; ತಲೆಗೆ ಪರಿಮಳ ಬೆರೆಸದ ಗಾಣದ ಕೊಬ್ಬರಿ ಎಣ್ಣೆ. ಜೆಲ್ಲಿಯಲ್ಲೂ ಪರಿಮಳದ್ದು ಸಿಗುತ್ತದೆ, ನೋಡಿ ಕೊಳ್ಳಿ. ಮನೆಯವರ ಸುಗಂಧವೂ ನಿಮ್ಮ ಮೈಗೆ ಬರುತ್ತದೆ: ಗಂಡನ ಆಫ್ಟರ್‌ಶೇವ್, ಎತ್ತಿಕೊಳ್ಳುವ ಮಗುವಿನ ಪೌಡರು. ದಿಂಬಿನ ಕವರನ್ನು ಮೊದಲ ದಿನವೇ ಬದಲಿಸಿ. ದದ್ದು ಇಳಿದ ಮೇಲೆ ಒಂದೊಂದೇ ಉತ್ಪನ್ನವನ್ನು, ನಡುವೆ ಎರಡು ವಾರ ಬಿಟ್ಟು, ಮೊಣಕೈ ಪರೀಕ್ಷೆಯ ಮೂಲಕವೇ ವಾಪಸ್ ತನ್ನಿ. ಕಪ್ಪು ಕಲೆ ಮಾತ್ರ ತಿಂಗಳುಗಟ್ಟಲೆ ಉಳಿಯುತ್ತದೆ, ಕಾರಣ ನಿಂತಿದ್ದರೆ ನಿಧಾನಕ್ಕೆ ತಿಳಿಯಾಗುತ್ತದೆ.

ಎಲ್ಲಾ ದದ್ದೂ ಸುಗಂಧದ್ದಲ್ಲ. ಕಣ್ಣಿನ ರೆಪ್ಪೆ, ಕುತ್ತಿಗೆ, ಮೊಣಕೈ ಮಡಿಕೆಯಲ್ಲಿ ಒಟ್ಟಿಗೆ ಎದ್ದರೆ ಪಾರ್ಥೇನಿಯಂ, ಅಂದರೆ ಕಾಂಗ್ರೆಸ್ ಗಿಡದ ಧೂಳನ್ನು ನೆನಪಿಸಿಕೊಳ್ಳಿ. ಮರ ಕಡಿದ ಮರುದಿನ ಕೈ, ಮುಖ ಊದಿ ಗುಳ್ಳೆಯಾದರೆ ಹೊಲಗೇರಿನಂಥ ಮರದ ಸೊನೆ. ತೊಡೆಸಂದಿ, ಕಂಕುಳಲ್ಲಿ ಅಂಚು ಕೆಂಪಗಾಗಿ ಉಂಗುರದಂತೆ ಹರಡಿದರೆ ಹುಳುಕಡ್ಡಿ.

ಮೆಡಿಕಲ್ ಅಂಗಡಿಯಲ್ಲಿ ಚೀಟಿಯಿಲ್ಲದೆ ಕೊಡುವ, ಸ್ಟಿರಾಯ್ಡ್, ಆಂಟಿಬಯೋಟಿಕ್, ಫಂಗಸ್ ಮದ್ದು ಮೂರನ್ನೂ ಬೆರೆಸಿದ ಕ್ರೀಮುಗಳನ್ನು ಹಚ್ಚಬೇಡಿ. ಎರಡು ದಿನ ತುರಿಕೆ ನಿಲ್ಲುತ್ತದೆ, ಒಳಗಿನ ಹುಳುಕಡ್ಡಿ ರೂಪ ಬದಲಿಸಿ ಹಬ್ಬುತ್ತದೆ, ಮುಖದ ಚರ್ಮ ತೆಳ್ಳಗಾಗುತ್ತದೆ. ರೆಪ್ಪೆ ಊದಿದರೆ, ನೀರುಗುಳ್ಳೆ ಎದ್ದರೆ, ಕೀವಾದರೆ ಅದೇ ದಿನ ವೈದ್ಯರಿಗೆ ತೋರಿಸಿ. ಉಸಿರಾಡಲು ಕಷ್ಟವಾದರೆ ತುರ್ತು ಚಿಕಿತ್ಸೆಗೆ ಹೋಗಿ.

ಹೆಜ್ಜೆ 7: ಪ್ಯಾಚ್ ಟೆಸ್ಟ್

ಯಾವ ವಸ್ತು ಎಂದು ಖಚಿತವಾಗಿ ಹೇಳುವುದು ಚರ್ಮ ವೈದ್ಯರು ಮಾಡುವ ಪ್ಯಾಚ್ ಟೆಸ್ಟ್. ಬೆನ್ನಿನ ಮೇಲೆ ಸಣ್ಣ ಸಣ್ಣ ಬಟ್ಟಲುಗಳಲ್ಲಿ ವಸ್ತುಗಳನ್ನು ಇಟ್ಟು ಟೇಪು ಅಂಟಿಸಿ, 48 ಗಂಟೆ ಬಿಟ್ಟು ತೆಗೆದು ನೋಡುತ್ತಾರೆ. 72ರಿಂದ 96 ಗಂಟೆಯ ಹೊತ್ತಿಗೆ ಇನ್ನೊಮ್ಮೆ. ಎರಡನೆಯ ಓದು ತಪ್ಪಿಸಬೇಡಿ, ತಡವಾಗಿ ಏಳುವ ಅಲರ್ಜಿ ಸಿಗುವುದು ಅಲ್ಲಿಯೇ. ಸುಗಂಧಕ್ಕೆಂದು ಎರಡು ಮಿಶ್ರಣಗಳಿವೆ. ಫ್ರೇಗ್ರೆನ್ಸ್ ಮಿಕ್ಸ್ ಒಂದರಲ್ಲಿ ಎಂಟು ವಸ್ತು, ಎರಡರಲ್ಲಿ ಆರು. ಜೊತೆಗೆ ಬಾಲ್ಸಂ ಆಫ್ ಪೆರು ಎಂಬ ಮರದ ಸುಗಂಧದ ಅಂಟು. ಮಿಶ್ರಣಕ್ಕೆ ಪಾಸಿಟಿವ್ ಬಂದರೆ ಅದರೊಳಗಿನ ವಸ್ತುಗಳನ್ನು ಬಿಡಿಬಿಡಿಯಾಗಿ ಪರೀಕ್ಷಿಸಬಹುದೇ ಎಂದು ಕೇಳಿ.

ಮಡಿಕೇರಿಯಲ್ಲೇ ವೈದ್ಯಕೀಯ ಕಾಲೇಜು ಆಸ್ಪತ್ರೆಯಿದೆ. ಮೈಸೂರು, ಮಂಗಳೂರಿಗೆ ಹೊರಡುವ ಮೊದಲು ಅಲ್ಲಿನ ಚರ್ಮರೋಗ ವಿಭಾಗದಲ್ಲಿ ವಿಚಾರಿಸಿ. ಎಲ್ಲಿ ಮಾಡಿಸಿದರೂ ಸುಗಂಧದ ಮಿಶ್ರಣಗಳು ಇವೆಯೇ, ಯಾವ ದಿನ ಹಚ್ಚುತ್ತಾರೆ ಎಂದು ಫೋನಿನಲ್ಲಿ ಕೇಳಿಕೊಂಡೇ ಹೋಗಿ, ಏಕೆಂದರೆ ಒಂದೇ ವಾರದಲ್ಲಿ ಮೂರು ಸಲ ಹೋಗಬೇಕಾಗುತ್ತದೆ. ಆ ದಿನಗಳಲ್ಲಿ ಬೆನ್ನು ನೆನೆಯುವಂತಿಲ್ಲ, ಬೆವರುವಂತಿಲ್ಲ. ಕುಯ್ಲಿನ ಸಮಯವೂ ಬೇಡ, ಜೋರು ಮಳೆಯ ತಿಂಗಳುಗಳೂ ಬೇಡ; ಅಕ್ಟೋಬರ್ ಅನುಕೂಲ. ಬೆನ್ನಿಗೆ ಹಚ್ಚುವ ಸ್ಟಿರಾಯ್ಡ್ ಮುಲಾಮನ್ನು ಒಂದು ವಾರ ಮೊದಲೇ ನಿಲ್ಲಿಸಿ. ನುಂಗುವ ಸ್ಟಿರಾಯ್ಡ್ ಇದ್ದರೆ ವೈದ್ಯರಿಗೆ ತಿಳಿಸಿ, ನೀವಾಗಿಯೇ ಬಿಡಬೇಡಿ. ಒಂದನೇ ಹೆಜ್ಜೆಯ ಸೀಸೆಗಳನ್ನೂ ಲೇಬಲ್ ಸಮೇತ ಚೀಲದಲ್ಲಿ ಒಯ್ಯಿರಿ.

ಹೆಜ್ಜೆ 8: ತಯಾರಿಸಿ ಮಾರುವವರಿಗೆ

ಕೊಳ್ಳುವ ಸುಗಂಧತೈಲದ ಜೊತೆ ಇಫ್ರಾ ಪ್ರಮಾಣಪತ್ರ ಮತ್ತು ಅಲರ್ಜಿಕಾರಕಗಳ ಪಟ್ಟಿ ಕೇಳಿ ಪಡೆಯಿರಿ. ಇಫ್ರಾ ಎಂಬುದು ಸುಗಂಧ ತಯಾರಕರ ಅಂತರರಾಷ್ಟ್ರೀಯ ಒಕ್ಕೂಟ. ಯಾವ ಬಗೆಯ ಉತ್ಪನ್ನದಲ್ಲಿ ಆ ತೈಲವನ್ನು ಗರಿಷ್ಠ ಎಷ್ಟು ಹಾಕಬಹುದೆಂದು, ಅದರ ನಿಯಮದಂತೆ ಪೂರೈಕೆದಾರರು ಕೊಡುವ ಪ್ರಮಾಣಪತ್ರ 12 ವರ್ಗಗಳಲ್ಲಿ ಹೇಳುತ್ತದೆ. ತುಟಿಯ ಬಾಮು ವರ್ಗ 1, ಬಾಡಿ ಲೋಷನ್ 5ಎ, ಮುಖದ ಕ್ರೀಮು 5ಬಿ, ಸೋಪು 9. ಪ್ರಮಾಣಪತ್ರ ಕೊಡದವರ ತೈಲ, ಮೇಣದಬತ್ತಿಗೆ, ಅಗರಬತ್ತಿಗೆಂದು ಮಾರುವ ತೈಲ ಎಷ್ಟೇ ಅಗ್ಗವಾದರೂ ಚರ್ಮದ ಉತ್ಪನ್ನಕ್ಕೆ ಹಾಕಬೇಡಿ.

ಹನಿ ಎಣಿಸಿ ಹಾಕುವುದನ್ನು ಬಿಡಿ. ತೈಲದ ದಪ್ಪ, ಸೀಸೆಯ ಬಾಯಿಗೆ ತಕ್ಕಂತೆ ಒಂದು ಹನಿಯ ತೂಕ ಎರಡು ಪಟ್ಟು ಹೆಚ್ಚುಕಡಿಮೆಯಾಗುತ್ತದೆ. 0.01 ಗ್ರಾಂ ತೋರಿಸುವ ತಕ್ಕಡಿ ಬೇಕೇ ಬೇಕು. 500 ಗ್ರಾಂ ಬಾಡಿ ಲೋಷನ್ನಿಗೆ ಶೇ. 0.3ರಂತೆ 1.5 ಗ್ರಾಂ ಸಾಕು. ಪ್ರಮಾಣಪತ್ರದ 5ಎ ಸಾಲಿನಲ್ಲಿ ಶೇ. 0.8 ಎಂದಿದ್ದರೆ 4 ಗ್ರಾಂ ಗರಿಷ್ಠ ಮಿತಿ, ಅದು ಹಾಕಲೇಬೇಕಾದ ಪ್ರಮಾಣವಲ್ಲ. ಲೋಷನ್ 40 ಡಿಗ್ರಿಗಿಂತ ಕೆಳಗೆ ಆರಿದ ಮೇಲೆ ಸುಗಂಧ ಸೇರಿಸಿ. ಬಿಸಿಯಲ್ಲಿ ಹಾಕಿದರೆ ಹಾರಿಹೋಗುತ್ತದೆ, ಸಾಲದೆಂದು ಮತ್ತೆ ಹಾಕುವ ತಪ್ಪು ಆಗುವುದು ಅಲ್ಲೇ. ಮಗುವಿನ ಉತ್ಪನ್ನಕ್ಕೆ ಸುಗಂಧವೇ ಬೇಡ.

ಸೋಪಿನಲ್ಲಿ ಎಡವುವುದು ಶೇಕಡಾ ಲೆಕ್ಕದಲ್ಲಿ. ಸೋಪು ಮಾಡುವವರು ಎಣ್ಣೆಯ ತೂಕದ ಮೇಲೆ ಲೆಕ್ಕ ಹಾಕುತ್ತಾರೆ, ಇಫ್ರಾ ಮಿತಿ ಇರುವುದು ಸಿದ್ಧ ಸೋಪಿನ ಮೇಲೆ. 1,000 ಗ್ರಾಂ ಎಣ್ಣೆಯ ಹದಕ್ಕೆ 30 ಗ್ರಾಂ ಸುಗಂಧ ಹಾಕಿ, ಒಣಗಿದ ಮೇಲೆ ಸೋಪು 1,300 ಗ್ರಾಂ ತೂಗಿದರೆ ಅದು ಶೇ. 2.3. ವರ್ಗ 9ರ ಮಿತಿ ಶೇ. 2 ಇದ್ದರೆ 26 ಗ್ರಾಂ ದಾಟುವಂತಿಲ್ಲ. ಹದ ಮಾಡುವ ದಿನದ ಒದ್ದೆ ತೂಕದ ಮೇಲೆ ಲೆಕ್ಕ ಹಾಕಿದರೂ ತಪ್ಪುತ್ತದೆ, ನೀರು ಆರಿ ಸುಗಂಧದ ಪಾಲು ಏರುತ್ತದೆ. ಲವಂಗ, ಚಕ್ಕೆಯ ಎಣ್ಣೆ ಹಾಕಿದೊಡನೆ ಹದ ಥಟ್ಟನೆ ಗಟ್ಟಿಯಾಗಿ ಅಚ್ಚಿಗೆ ಸುರಿಯಲಾಗದಂತಾಗುತ್ತದೆ, ಸುಗಂಧ ಒಂದೇ ಕಡೆ ಉಳಿದು ಕೆಲವು ತುಂಡುಗಳಲ್ಲಿ ಮಿತಿ ಮೀರುತ್ತದೆ. ವನಿಲಿನ್ ಇರುವ ತೈಲ ಸೋಪನ್ನು ಕಂದಾಗಿಸುತ್ತದೆ. ಅದು ಬಣ್ಣದ ವಿಷಯ ಮಾತ್ರ. ಎಸೆನ್ಷಿಯಲ್ ಎಣ್ಣೆ ಮತ್ತು ಸುಗಂಧತೈಲ ಎರಡನ್ನೂ ಹಾಕಿದರೆ ಎರಡರಲ್ಲೂ ಇರುವ ಒಂದೇ ಅಲರ್ಜಿಕಾರಕವನ್ನು ಕೂಡಿಸಿ ಲೆಕ್ಕ ಮಾಡಿ.

ಮಾರಲು ಕಾಸ್ಮೆಟಿಕ್ಸ್ ನಿಯಮಗಳ ಅಡಿ ತಯಾರಿಕಾ ಲೈಸೆನ್ಸ್ ಬೇಕು, ಮನೆಯಲ್ಲಿ ಮಾಡಿದ್ದು ಎಂಬುದರಿಂದ ವಿನಾಯಿತಿ ಸಿಗುವುದಿಲ್ಲ. ಲೇಬಲ್ ಮೇಲೆ "ಪರ್ಫ್ಯೂಮ್" ಎಂದು ಬಿಟ್ಟುಬಿಡದೆ ಪೂರೈಕೆದಾರರ ಪಟ್ಟಿಯಲ್ಲಿರುವ ಅಲರ್ಜಿಕಾರಕಗಳ ಹೆಸರನ್ನೂ ಬರೆಯಿರಿ. ಪ್ರತಿ ಬ್ಯಾಚಿಗೂ ಒಂದು ಕಾರ್ಡು ಮಾಡಿ: ದಿನಾಂಕ, ಪ್ರತಿ ವಸ್ತುವಿನ ತೂಕ, ಸುಗಂಧತೈಲದ ಬ್ಯಾಚ್ ಸಂಖ್ಯೆ, ಸೀಸೆ ತೆರೆದ ದಿನ. ಜೊತೆಗೆ 50 ಗ್ರಾಂ ಮಾದರಿಯನ್ನು ಬಳಕೆಯ ಅವಧಿ ಮುಗಿಯುವವರೆಗೆ ಎತ್ತಿಡಿ. ಕೊಂಡವರಿಗೆ ದದ್ದು ಎದ್ದು ಅವರ ವೈದ್ಯರು ವಿಚಾರಿಸಿದರೆ ಆ ಕಾರ್ಡಿನ ಪ್ರತಿಯನ್ನೂ ಮಾದರಿಯನ್ನೂ ಅಂದೇ ಕಳಿಸಿ.